ಸೂರ್ಯನ ಅಡುಗೆ, ಕಾಗೆಯ ಉಪವಾಸ

"ಈ ಸಲ ಅಪ್ಪನ ಎಡಿ ಸೂರ್ಯನ ಮ್ಯಾಲೇ ಆಗ್ಬೇಕು! ಒಂದು ಕಡ್ಡಿ ಗೀರಂಗಿಲ್ಲ, ಒಂದೆಳಿ ಹೊಗಿ ಏಳಂಗಿಲ್ಲ!"

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ಪುಣೆಯ ಬಿಬವೇವಾಡಿಯ ತನ್ನ ಮನೆಯ ನಡುಮನೆಯಲ್ಲಿ ನಿಂತು ಅಂಬಾದಾಸ ಹೀಗೆ ಘೋಷಿಸಿದ. ಗೋಧಿ ಆರಿಸುತ್ತಿದ್ದ ಅವನ ಹೆಂಡತಿ ಶಿವಕಾಂತಾ ತಲೆ ಕೂಡ ಎತ್ತಲಿಲ್ಲ.

"ಭಜಿ ಕರೀಲಿಕ್ಕೂ ಸೂರ್ಯಪ್ಪನ್ನೇ ಕರೀತೀರೇನ್ರಿ?"

"ಭಜಿ ಬಿಡು. ಅನ್ನ, ಬ್ಯಾಳಿ, ಹುಗ್ಗಿ, ಇಷ್ಟು ಅವನ ಪಾಲಿಗಿ."

"ಮೋಡ ಬಂತಂದ್ರ?"

"ಬರಂಗಿಲ್ಲ!" ಎಂದ ಅಂಬಾದಾಸ, ಮೋಡಗಳೆಲ್ಲ ತನ್ನ ಕೈಕೆಳಗೇ ಕೆಲಸಕ್ಕಿದ್ದವರ ಹಾಗೆ.

ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಅಂಬಾದಾಸ ಆ ವರ್ಷದ ಬೇಸಿಗೆಗೆ ಮುಂಚೆ ಯಾವುದೋ ಪ್ರದರ್ಶನಕ್ಕೆ ಹೋಗಿ ಒಂದು ಸೋಲಾರ್ ಕುಕ್ಕರ್ ಹೊತ್ತು ತಂದಿದ್ದ. ನೋಡಲು ಟ್ರಂಕಿನಂಥ ಪೆಟ್ಟಿಗೆ, ಮುಚ್ಚಳದ ಒಳಮೈಗೆ ಕನ್ನಡಿ. ಬಿಸಿಲಿಗೆ ತೆರೆದಿಟ್ಟರೆ ಒಳಗಿನ ಕಪ್ಪು ಡಬ್ಬಿಗಳಲ್ಲಿ ಅಡುಗೆ ತಾನಾಗಿ ಬೇಯುತ್ತಿತ್ತು. ಅದು ಮನೆಗೆ ಬಂದಾಗಿನಿಂದ ಅಂಬಾದಾಸ ಬರೀ ಮನುಷ್ಯನಾಗಿ ಉಳಿಯಲಿಲ್ಲ, ಧರ್ಮಪ್ರಚಾರಕನಾದ! ಕಲ್ಲಿದ್ದಲು ಸುಟ್ಟರೆ ಆಕಾಶಕ್ಕೇನಾಗುತ್ತದೆ ಎಂದು ಶುರು ಮಾಡಿದರೆ ಎದುರಿಗಿದ್ದವರ ಮನೆಯಲ್ಲಿ ಹಾಲು ಉಕ್ಕಿ ಹೋದರೂ ಬಿಡುತ್ತಿರಲಿಲ್ಲ. ಅವನು ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ನಿಜವನ್ನೇ ಹೇಳುತ್ತಿದ್ದ, ಆದರೆ ಜನ ಊಟಕ್ಕೆ ಕೂತಾಗ ಹೇಳುತ್ತಿದ್ದ.

ಶಿರೂರಿನಲ್ಲಿ ಆದದ್ದೂ ಅದೇ. ತಂಗಿ ಮಾಯಾ ಅಲ್ಲಿ ಹೊಸ ಮನೆ ಕಟ್ಟಿಸಿ ಎಲ್ಲರನ್ನೂ ಊಟಕ್ಕೆ ಕರೆದಿದ್ದಳು. ಹಿತ್ತಲಲ್ಲಿ ಕಟ್ಟಿಗೆ ಒಲೆ ಹೂಡಿ, ಅಣ್ಣನಿಗೆ ಇಷ್ಟವೆಂದು ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಅಣ್ಣ ಬಂಧುಬಳಗದ ನಡುವೆ ನಿಂತು ಹೊಗೆಯ ಕೆಡುಕುಗಳ ಮೇಲೆ ಭಾಷಣ ಬಿಗಿದ. "ಇಂಥ ಒಲಿ ಮ್ಯಾಲಿಂದು ನಾ ಉಣ್ಣಂಗಿಲ್ಲ" ಎಂದು ತಾಟು ಸರಿಸಿದ. ಹೊಗೆಗೆ ಮೊದಲೇ ನೀರೂರಿದ್ದ ಮಾಯಾಳ ಕಣ್ಣು ತುಂಬಿ ಹರಿಯಿತು. "ಹಂಗಾರ ನನ್ನ ಮನಿ ಹೊಸ್ತಿಲ ತುಳೀಬ್ಯಾಡ" ಎಂದುಬಿಟ್ಟಳು. ಅಂದಿನಿಂದ ಅಣ್ಣ ತಂಗಿಯ ನಡುವೆ ಮಾತಿಲ್ಲ. ತಾಯಿ ಅಂಬಾಬಾಯಿ ಮಾತ್ರ ಇಬ್ಬರ ಮಧ್ಯೆ ಒಳಗೊಳಗೇ ಸವೆಯುತ್ತಿದ್ದಳು.

ಅಮಾವಾಸ್ಯೆಯ ದಿನ ಮೋಡಗಳು ನಿಜಕ್ಕೂ ಹೇಳಿದ ಮಾತು ಕೇಳಿದವು. ಬಿಸಿಲು ಚುರುಗುಟ್ಟಿತು. ಅಷ್ಟಾದರೂ ಅಂಬಾದಾಸನಿಗೆ ಸಾಲದು. ಅಡುಗೆ ಬೇಗ ಆಗಲೆಂದು ಶಿವಕಾಂತಾಳ ಕಪಾಟಿನ ಆಳೆತ್ತರದ ಕನ್ನಡಿಯನ್ನು ಬಿಚ್ಚಿ, ಮಾಳಿಗೆಗೆ ಹೊತ್ತೊಯ್ದು, ನೀರಿನ ಟಾಕಿಗೆ ಆನಿಸಿ ನಿಲ್ಲಿಸಿದ.

"ನನ್ನ ಕನ್ನಡಿ ರೀ!"

"ಒಂದಿನ ಮಾರಿ ನೋಡ್ಕೊಳ್ಳದಿದ್ರ ಏನ್ ಕಳಕೋತಿ? ಭೂಮಿ ಉಳಸೋ ಕೆಲಸ ಇದು!"

ಭೂಮಿ ಉಳಿಯುತ್ತಿತ್ತು, ಮೊದಲ ಸರದಿಯ ಅಡುಗೆಯೂ ಬೆಂದಿತು. ಬಾಳೆಎಲೆಯ ಮೇಲೆ ಎಡೆ ಬಡಿಸಿ ಮಾಳಿಗೆಯ ಗೋಡೆಯ ಮೇಲಿಟ್ಟರು. ಮನೆಮಂದಿಯ ಊಟಕ್ಕೆ ಬೇಕಾದ ಅನ್ನ ಕುಕ್ಕರಿನಲ್ಲಿ ಇನ್ನೂ ಬೇಯುತ್ತಿತ್ತು. ಕಾಗೆ ಬಂದು ಎಡೆ ಮುಟ್ಟುವ ತನಕ ಯಾರೂ ಉಣ್ಣುವಂತಿಲ್ಲ. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಅದನ್ನು ಊಹಿಸಿ, ನಡೆಸಿಕೊಡುತ್ತೇವೆಂದು ಬಾಯಿಬಿಟ್ಟು ಮಾತು ಕೊಡಬೇಕು.

ಒಂದು ಕಾಗೆ ಬಂತು. ಟಾಕಿಯ ಹತ್ತಿರ ಇಳಿಯುವಂತೆ ಮಾಡಿ, ಕಾ ಎಂದು ಕಿರುಚಿ ಹಾರಿ ಹೋಯಿತು. ಇನ್ನೊಂದು ಬಂತು, ಅದೂ ಹಾಗೇ. ಆಮೇಲೆ ಬಂದವು ದೂರದ ಬೇವಿನ ಮರದಲ್ಲೇ ಕೂತು ಮಾಳಿಗೆಯನ್ನು ನೋಡತೊಡಗಿದವು.

"ಬಂದಾವಲ್ಲ, ಅದೇ ದೊಡ್ಡದು" ಎಂದ ಈರಣ್ಣ ಕಾಕಾ. ಅಂಬಾದಾಸನ ತೀರಿಹೋದ ಅಪ್ಪ ಅವ್ವಣ್ಣನ ಜತೆಗೆ ಕಲಬುರಗಿ ಕಡೆಯಿಂದ ಪುಣೆಗೆ ಬಂದು ಗೌಂಡಿಯಾಗಿ ಗಾರೆ ಕೆಲಸ ಮಾಡಿದ್ದ ಮುದುಕ ಅವನು, ಇಂದು ಊಟದ ಅತಿಥಿ. "ಇಲ್ಲಿ ಮರ ಕಡಿಸಿ ಬಿಲ್ಡಿಂಗ್ ಕಟ್ಟಿದವರು ನಾನೂ ನಿಮ್ಮಪ್ಪನೂ. ಈಗ ಕಾಗಿ ಬಾ ಅಂದ್ರ ಎಲ್ಲಿಂದ ಬರ್ಬೇಕು?"

ಅಂಬಾಬಾಯಿಯ ಮುಖ ಸಣ್ಣದಾಯಿತು. "ಬೀಡಿ ಭಾಳ ಇಷ್ಟ ಇತ್ತು ಅವರಿಗಿ. ಇಟ್ಟು ನೋಡೋ."

ಹೊಗೆಯ ಪರಮವೈರಿ ತನ್ನ ಕೈಯಾರೆ ಬೀಡಿ ಕಟ್ಟು ತಂದು ಎಡೆಯ ಪಕ್ಕ ಇಟ್ಟ! ಕಾಗೆ ಬರಲಿಲ್ಲ.

"ಅಪ್ಪಾ, ಗಾಣಗಾಪುರಕ್ಕ ಹೋಗಿ ಬರ್ತೀವಿ!" ಎಂದು ಕೈಮುಗಿದ. ಮುಗಿದ ಕೈಯಿಂದಲೇ, ಸೂರ್ಯ ಸರಿದನೆಂದು ಕನ್ನಡಿಯನ್ನೂ ಇಷ್ಟು ಸರಿಸಿದ. ಧೈರ್ಯ ಮಾಡಿ ಹೊರಟಿದ್ದ ಕಾಗೆಯೊಂದು ನಡುದಾರಿಯಲ್ಲೇ ತಿರುಗಿ ಹೋಯಿತು.

"ಅವ್ವಣ್ಣಾ, ನನ್ನ ಹೊಟ್ಟಿ ನೋಡ್ಯಾದ್ರೂ ಬಾರಪ್ಪಾ!" ಎಂದು ಈರಣ್ಣ ಕಾಕಾ ಗೋಗರೆದ. ಶಿವಕಾಂತಾ ಮಾತ್ರ ತಲೆಯ ಮೇಲೆ ಸೆರಗೆಳೆದುಕೊಂಡು ಟಾಕಿಯ ನೆರಳಲ್ಲಿ ಸುಮ್ಮನೆ ಕೂತಿದ್ದಳು. ಅವಳು ಸುಮ್ಮನಿರುವುದೇ ಅಪರೂಪ, ಆದರೆ ಆ ಗಡಿಬಿಡಿಯಲ್ಲಿ ಅಂಬಾದಾಸ ಅದನ್ನು ಗಮನಿಸಲಿಲ್ಲ.

ಹೊತ್ತು ಇಳಿಯತೊಡಗಿತು. ಅಂಬಾಬಾಯಿ ಗೋಡೆಗೆ ಒರಗಿ ಅಳಲು ಶುರು ಮಾಡಿದಳು.

"ಬೀಡಿನೂ ಅಲ್ಲ, ಗಾಣಗಾಪುರನೂ ಅಲ್ಲ. ಹೊಟ್ಟೀಲಿ ಹುಟ್ಟಿದ ಎರಡು ಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ ಅಂದ್ರ ಅವರು ಹ್ಯಾಂಗ ಉಣ್ತಾರೋ?"

ಅಂಬಾದಾಸನ ಎದೆಗೆ ಅದು ನಾಟಿತು. ಚಿಕ್ಕಂದಿನಲ್ಲಿ ಅಪ್ಪ ಕೆಲಸದಿಂದ ಬಂದವನೇ ಸುಣ್ಣದ ಕೈ ತೊಳೆದು, ಅವನನ್ನೂ ಮಾಯಾಳನ್ನೂ ಒಂದೇ ತಾಟಿಗೆ ಕೂಡಿಸಿ ಉಣಿಸುತ್ತಿದ್ದ. ಆಗ ಅವರಿದ್ದ ತಗಡಿನ ಶೆಡ್ಡಿನೊಳಗಿನ ಒಲೆಯೂ ಹೊಗೆ ಕಾರುತ್ತಿತ್ತು. ಆ ಹೊಗೆಯಲ್ಲೇ ಕೆಮ್ಮಿ ಕೆಮ್ಮಿ ಅವ್ವ ಅವರನ್ನು ಬೆಳೆಸಿದ್ದಳು. ತಂಗಿಯ ಕಣ್ಣು ಉಳಿಸಬೇಕೆಂದು ಹೊರಟವನು ಅವಳ ಕಣ್ಣಲ್ಲಿ ನೀರು ತರಿಸಿ ಬಂದಿದ್ದ. ಅವನಿಗೆ ನಾಚಿಕೆಯಾಯಿತು.

ಬೇವಿನ ಮರದತ್ತ ತಿರುಗಿ ನಿಂತು, ಅಕ್ಕಪಕ್ಕದ ಮಾಳಿಗೆಯವರಿಗೂ ಕೇಳುವಂತೆ ಕೂಗಿದ: "ಅಪ್ಪಾ, ತಪ್ಪಾತು! ನಾಳೇನೇ ಮಾಯಾನ ಮನೀಗಿ ಹೋಗ್ತೀನಿ. ಅಕೀ ಒಲಿ ಮ್ಯಾಲಿನ ರೊಟ್ಟೀನೇ ಉಣ್ತೀನಿ. ಭಾಷಣ ಮಾಡಂಗಿಲ್ಲ!"

ಕೂಗಿದ ಮಾತು ಗಾಳಿಯಲ್ಲಿ ಕರಗುವ ಮೊದಲೇ ಬೇವಿನ ಮರದಿಂದ ಒಂದು ಕಾಗೆ ನೇರವಾಗಿ ಹಾರಿ ಬಂದು, ಗೋಡೆಯ ಮೇಲೆ ಕೂತು, ಹುಗ್ಗಿಗೆ ಕೊಕ್ಕು ಹಾಕಿತು!

"ಕೇಳಿದ್ರು ನೋಡೋ! ನಿಮ್ಮಪ್ಪ ಕೇಳಿದ್ರು!" ಅಂಬಾಬಾಯಿ ಅಳುತ್ತಲೇ ನಕ್ಕಳು. ಈರಣ್ಣ ಕಾಕಾ ಊಟಕ್ಕೆಂದು ಆಗಲೇ ಮೆಟ್ಟಿಲಿಳಿಯುತ್ತಿದ್ದ.

ಅಂಬಾದಾಸ ಬೆರಗಾಗಿ ಹಿಂದಿರುಗಿ ನೋಡಿದ. ಕುಕ್ಕರಿನ ಮುಚ್ಚಳ ಮುಚ್ಚಿತ್ತು. ಕಪಾಟಿನ ಕನ್ನಡಿ ಮಕಾಡೆ ಮಲಗಿತ್ತು. ಕಣ್ಣು ಕುಕ್ಕುವ ಝಳಪು ಮಾಳಿಗೆಯಲ್ಲಿ ಎಲ್ಲೂ ಇರಲಿಲ್ಲ. ಅಂಬಾದಾಸನಿಗೆ ಎಲ್ಲವೂ ಹೊಳೆಯಿತು. ಇಷ್ಟೂ ಹೊತ್ತು ಕಾಗೆಗಳನ್ನು ಓಡಿಸಿದ್ದು ಅಪ್ಪನ ಆಸೆಯಲ್ಲ, ತಾನು ಕನ್ನಡಿ ತಿರುತಿರುಗಿಸಿ ಹಾಯಿಸಿದ ಬೆಳಕು!

"ಅವ್ವಾ, ಅದು ಹಂಗಲ್ಲ..." ಎಂದು ಬೆರಳೆತ್ತಿ ವಿವರಣೆ ಶುರು ಮಾಡಿದವನು ತಾಯಿಯ ಮುಖ ನೋಡಿದ. ಎಷ್ಟೋ ತಿಂಗಳಿಂದ ಕಾಣದ ನಿರಾಳ ಅಲ್ಲಿತ್ತು. ಬದುಕಿನಲ್ಲಿ ಮೊದಲ ಬಾರಿಗೆ ಅಂಬಾದಾಸ ಒಂದು ವೈಜ್ಞಾನಿಕ ಸತ್ಯವನ್ನು ಬಾಯಲ್ಲೇ ನುಂಗಿಕೊಂಡ.

ಕೆಳಗೆ, ಅರೆಬೆಂದ ಅನ್ನವನ್ನು ಬದಿಗಿಟ್ಟು, ಗ್ಯಾಸಿನ ಮೇಲೆ ಮೊದಲೇ ಮಾಡಿಟ್ಟಿದ್ದ ಅನ್ನವನ್ನು ಶಿವಕಾಂತಾ ಈರಣ್ಣ ಕಾಕಾನಿಗೆ ಬಡಿಸಿದಳು. ಅವಳು ಒಳಗೆ ಬಂದಾಗ ಅಂಬಾದಾಸ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಿಸುಗುಟ್ಟಿದ.

"ಕನ್ನಡಿ ಮುಚ್ಚಿದಾಕಿ ನೀನೇ ಏನು?"

"ಹೌದ್ರಿ."

"ಬೆಳಕಿಗಿ ಕಾಗಿ ಅಂಜತಾವಂತ ಯಾವಾಗ ತಿಳೀತು?"

"ಮೊದಲನೇ ಕಾಗಿ ಹಾರಿ ಹೋದಾಗ್ಲೇ."

"ಆಗ್ಲೇ ಮುಚ್ಚಬೇಕಿತ್ತಲ್ಲ? ಅಷ್ಟೊತ್ತು ಬಿಸಿಲಾಗ ಎಲ್ಲರ್ನೂ ಉಪಾಸ ಕೆಡವಿದಿ!"

ಶಿವಕಾಂತಾ ಹುಗ್ಗಿಯ ಪಾತ್ರೆ ಎತ್ತಿಕೊಂಡಳು.

"ಕಾಗೀನ ಇಳಸೋದು ಏನ್ ದೊಡ್ಡದಿತ್ರಿ, ಕನ್ನಡಿ ಮುಚ್ಚಿದ್ರ ಆಗ್ತಿತ್ತು. ನಿಮ್ಮನ್ನ ಕೆಳಗ ಇಳಸೋದೇ ಭಾಳ ಹೊತ್ತು ಹಿಡೀತು!"