ಬಿಸಿಲು ಎಂದು ನಾನು ಹೇಳಿದ ದಿನ

ನಮ್ಮ ಕೋಲಾರದ ಕಡೆಯ ಆಕಾಶವನ್ನು ನಂಬಿ ಕೆಟ್ಟವರಲ್ಲಿ ನಾನೂ ಒಬ್ಬ. ಬೆಳಿಗ್ಗೆ ಸುಗಟೂರಿನಲ್ಲಿ ಬಸ್ಸು ಹತ್ತುವಾಗ ಸ್ವೆಟರ್ ಬೇಕು, ಕೋಲಾರದಲ್ಲಿ ಇಳಿಯುವಾಗ ಅದು ಕಂಕುಳಲ್ಲಿ ಹೊರೆ, ಸಂಜೆ ವಾಪಸ್ಸು ಬಂದಾಗ ಅದನ್ನೇ ತಲೆಗೆ ಹೊದ್ದು ಓಡಬೇಕು. ಆದರೂ ಮೂವತ್ತು ವರ್ಷ ಈ ತಾಪತ್ರಯ ನನ್ನನ್ನು ಬಾಧಿಸಲಿಲ್ಲ. ಮನೆಯ ಹವಾಮಾನ ಖಾತೆ ನನ್ನ ಹೆಂಡತಿ ಸಾವಿತ್ರಿಯದಾಗಿತ್ತು. ತಾರಸಿಯ ಮೇಲೆ ಸಂಡಿಗೆ ಹರವಿದ ದಿನ ನಾನು, "ಒಳ್ಳೇ ಬಿಸಿಲು ಕಣೇ, ಆರಾಮಾಗಿರು" ಅನ್ನುತ್ತಿದ್ದೆ. ಅವಳು ತಕ್ಷಣ ಮೇಲೆ ಹೋಗಿ ಸಂಡಿಗೆ ಎತ್ತಿಕೊಂಡು ಬರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮಳೆ. ಅವಳಿಗೆ ಅದೇನೋ ಸಿದ್ಧಿಯಿದೆ ಎಂದೇ ನಂಬಿದ್ದೆ.

ಅವಳು ಹೋಗಿ ಎಂಟು ತಿಂಗಳಾಯಿತು. ಅವಳ ಕೈಯ ಅರಳು ಸಂಡಿಗೆ ಒಂದು ಡಬ್ಬ ಉಳಿದಿದೆ. ಒಂದೊಂದರ ಮೇಲೂ ಅವಳ ಬೆರಳು ಒತ್ತಿದ ಗುರುತು. ತಿಂದರೆ ಮುಗಿಯುತ್ತದೆ, ಇಟ್ಟರೆ ಬೂಷ್ಟು ಹಿಡಿಯುತ್ತದೆ. ಹೋದ ವಾರ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಬಿಸಿಲಿಗೆ ಹಾಕಲೇಬೇಕಿತ್ತು. ಫೋನು ನೋಡಿದೆ, ಅದರಲ್ಲಿ ಹಳದಿ ಸೂರ್ಯ ನಗುತ್ತಿದ್ದ. ಎಲ್ಲವನ್ನೂ ಮೊರದಲ್ಲಿ ಹರವಿ ತಾರಸಿಯಲ್ಲಿಟ್ಟೆ.

ಪಕ್ಕದ ತಾರಸಿಯಿಂದ ಮುನಿರತ್ನಮ್ಮ ಕೂಗಿದಳು. "ಏನಣ್ಣಾ, ಆಕಾಶ ಕರ್ರಗೆ ಕಟ್ಟೈತೆ, ಕಾಣಲ್ವಾ? ವಾನ ಬರ್ತೈತೆ, ಎತ್ಕೊಳ್ಳಿ!"

"ಫೋನಲ್ಲಿ ಬಿಸಿಲಿದೆಯಮ್ಮ."

"ಹಂಗಾದ್ರೆ ಫೋನ್ ಮೇಲೇ ಒಣಗಿಸ್ಕೊಳ್ಳಿ!"

ಅಷ್ಟರಲ್ಲಿ ಅವಳು ಹೇಳಿದ ವಾನ, ಅಂದರೆ ಮಳೆ, ಸುರಿದೇಬಿಟ್ಟಿತು. ಮೊರಕ್ಕೆ ಕೊಡೆ ಹಿಡಿದು ನಾನು ತೊಯ್ದು ತೊಪ್ಪೆಯಾದೆ. ಆದರೂ ಒಂದು ಬದಿಯ ಸಂಡಿಗೆ ಕರಗಿ, ಬೆರಳ ಗುರುತು ಅಳಿಸಿಹೋಯಿತು. ಮುನಿರತ್ನಮ್ಮ ಓಡಿಬಂದು ಮೊರ ಹಿಡಿದು ಒಳಗಿಟ್ಟಳು.

"ಸಾವಿತ್ರಿಗೆ ಮಳೆ ಬರೋದು ಹೇಗೆ ಗೊತ್ತಾಗ್ತಿತ್ತಮ್ಮ?" ಎಂದೆ.

ಅವಳು ಸೆರಗಿನ ತುದಿ ಹಿಂಡುತ್ತಾ, "ಹೇಳಿದ್ರೆ ಬೇಜಾರು ಮಾಡ್ಕೋಬಾರ್ದು. ಅಕ್ಕನ್ನ ನಾನೂ ಕೇಳಿದ್ದೆ. 'ನಮ್ಮೆಜಮಾನ್ರು ಬಿಸಿಲು ಅಂದ ತಕ್ಷಣ ಎತ್ತಿಬಿಡ್ತೀನಿ ಕಣೇ, ಒಂದ್ಸಲಾನೂ ತಪ್ಪಿಲ್ಲ' ಅಂದಿದ್ರು" ಎಂದಳು.

ಅಂದರೆ ಸಿದ್ಧಿ ಅವಳದಲ್ಲ, ನನ್ನದು! ನಗು ಬಂತು. ಮತ್ತೆ ಬಹಳ ಹೊತ್ತು ನಗು ಬರಲಿಲ್ಲ.

ಮಾರನೆಯ ಬೆಳಿಗ್ಗೆ ಉಳಿದ ಸಂಡಿಗೆಯನ್ನು ತಾರಸಿಯಲ್ಲಿಟ್ಟು ಕೆಳಗಿಳಿದು, ಅಭ್ಯಾಸದಂತೆ ಅಡುಗೆಮನೆ ಕಡೆ ತಿರುಗಿ, "ಇವತ್ತು ಒಳ್ಳೇ ಬಿಸಿಲು ಕಣೇ" ಎಂದೆ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಿಲ್ಲ. ಹೇಳಿದವನು ನಾನು, ನಂಬಬಾರದವನೂ ನಾನೇ. ಓಡಿಹೋಗಿ ಮೊರ ಎತ್ತಿಕೊಂಡು ಬಂದು ಅಡುಗೆಮನೆಯಲ್ಲಿ ಕೂತೆ, ಮಳೆ ಕಾಯುತ್ತಾ.

ಆ ದಿನವಿಡೀ ಬಿಸಿಲು ಧಗಧಗ ಉರಿಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಮಾತು ನಿಜವಾಗಿತ್ತು. ಯಾರ ಮುಂದೆ ಜಂಭ ಕೊಚ್ಚಿಕೊಳ್ಳಲಿ?