ಬೊಳ್ಳಪ್ಪನವರು ತಿರುಗಿಸಿದ ಬಿಸಿಗಾಳಿ

ಕಾಫಿ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರಾಗಿ ಮೂವತ್ತು ವರ್ಷ ಆಳುಗಳನ್ನು ಸಾಲಾಗಿ ನಿಲ್ಲಿಸಿದ ಬೊಳ್ಳಪ್ಪನವರಿಗೆ, ನಿವೃತ್ತಿಯ ನಂತರ ಒಂದು ಕಂಪ್ಯೂಟರ್ ಮಾತು ಕೇಳದಿರುವುದು ದೊಡ್ಡ ಅವಮಾನವಾಗಿತ್ತು. ಚದುರಂಗದಲ್ಲಿ ಇನ್ನೇನು ಗೆದ್ದೆ ಎನ್ನುವಾಗ ಅದು ಕಾದು ಬಂದ್ ಆಗುತ್ತಿತ್ತು. (ಸೋಲುವ ದಿನ ಮಾತ್ರ ಕೊನೆಯವರೆಗೂ ತಣ್ಣಗಿರುತ್ತಿತ್ತು.)

ಒಂದು ಬೆಳಿಗ್ಗೆ ಅದರ ಪೆಟ್ಟಿಗೆ ಬಿಚ್ಚಿದರು. ಪ್ರೊಸೆಸರಿನ ಬಿಸಿ ಹೀರುವ ಲೋಹದ ಹಲ್ಲುಗಳ ಹೀಟ್‌ಸಿಂಕ್ ಮೇಲ್ಮುಖವಾಗಿತ್ತು. ಅದರ ಫ್ಯಾನು ಊದಿದ ಬಿಸಿಗಾಳಿ ಪೆಟ್ಟಿಗೆಯ ನೆತ್ತಿಯ ತೂತುಗಳಿಂದ ಹೊರಬಿದ್ದು, ಮೇಲಿದ್ದ ಗೋಡೆಯ ಹಲಗೆಗೆ ಬಡಿದು ಮತ್ತೆ ಪೆಟ್ಟಿಗೆಗೇ ಮರಳುತ್ತಿತ್ತು. ಹೆಂಡತಿಯನ್ನು ಕರೆದರು.

"ಯಮುನಾ, ಬಿಸಿಗೆ ದಾರಿಯೇ ತಪ್ಪಿದೆ ನೋಡು."

"ನೀವು ದಾರಿ ತೋರಿಸ್ಲಿಕ್ಕೆ ಹೋಗ್ಬೇಡಿ. ಹಲಗೆ ಮೇಲೆ ನನ್ನ ವೈನಿನ ಭರಣಿ ಉಂಟು, ಅಲ್ಲಾಡಿಸಿದ್ರೆ ನೋಡಿ."

ಮಹಿಳಾ ಸಂಘದ ವೈನ್ ಸ್ಪರ್ಧೆಗೆ ಹತ್ತೇ ದಿನ ಉಳಿದಿತ್ತು. ಹೋದ ವರ್ಷ ಪಕ್ಕದ ಮನೆಯ ಶ್ವೇತ ಕಪ್ ಗೆದ್ದು, ಅದನ್ನು ರಸ್ತೆಗೆ ಕಾಣುವಂತೆ ಕಿಟಕಿಯಲ್ಲಿಟ್ಟಿದ್ದಳು. ಯಮುನ ಈ ಸಲ ಶುಂಠಿ ವೈನಿಗೆ ಕೈಹಾಕಿದ್ದರು.

ಬೊಳ್ಳಪ್ಪನವರು ಭರಣಿಯನ್ನು ಮುಟ್ಟಲಿಲ್ಲ. ಹೀಟ್‌ಸಿಂಕನ್ನು ಕಾಲು ಸುತ್ತು ತಿರುಗಿಸಿ, ಬಿಚ್ಚಿದಾಗಲೆಲ್ಲ ಅದರಡಿ ಹೊಸದಾಗಿ ಹಚ್ಚಬೇಕಾದ, ಬಿಸಿ ದಾಟಿಸುವ ಪೇಸ್ಟಿನ ಇದ್ದೊಂದು ಟ್ಯೂಬನ್ನು ಹಿಂಡಿ ಕೂರಿಸಿದರು. ಬಿಸಿಗಾಳಿ ಪೆಟ್ಟಿಗೆಯ ಹಿಂದಿದ್ದ ಕೋಣೆಯ ಕಿಟಕಿಯಿಂದ ಶಿಸ್ತಾಗಿ ಹೊರಟಿತು. ಕಂಪ್ಯೂಟರ್ ಮೂರು ದಿನ ಒಮ್ಮೆಯೂ ಬಂದ್ ಆಗಲಿಲ್ಲ. ಬೊಳ್ಳಪ್ಪನವರು ಏಳು ಆಟ ಗೆದ್ದು, ಅಂಚೆಯವನಿಗೂ ವಾಯುಸಂಚಾರದ ಮೇಲೆ ಉಪನ್ಯಾಸ ಕೊಟ್ಟರು.

ನಾಲ್ಕನೆಯ ದಿನ ಯಮುನ ಭರಣಿಗೆ ಕಿವಿಯಿಟ್ಟರು. "ಇದೆಂಥ, ವೈನ್ ಹುದುಗೋ ಗುಳುಗುಳು ನಿಂತೇ ಹೋಗಿದೆ. ಈ ಚಳೀಲಿ ಮನೆಯಲ್ಲಿ ಬೆಚ್ಚಗಿರೋ ಜಾಗ ಇದೊಂದೇ ಅಂತ ಇಟ್ಟಿದ್ದೆ." ಹಲಗೆ ಮುಟ್ಟಿದರು. ಮಂಜುಗಡ್ಡೆ. ಆಮೇಲೆ ಗಂಡನ ಮುಖ ನೋಡಿದರು. "ಬಿಸಿಯನ್ನ ಎತ್ತ ತಿರುಗಿಸಿದ್ದೀರಿ?"

"ಕಿಟಕಿಗೆ."

"ಹಾಗಾದ್ರೆ ವಾಪಸ್ ತಿರುಗಿಸಿ."

"ಪೇಸ್ಟ್ ಮುಗಿದಿದೆ. ಸಿದ್ದಾಪುರದ ಅಂಗಡಿಗೆ ಬರೋದು ಇನ್ನು ಮುಂದಿನ ವಾರ. ಒಲೆ ಬದಿಗೆ ಇಡು."

"ಗ್ಯಾಸ್ ಒಲೆಗೆ ಬದಿ ಎಲ್ಲುಂಟು? ಬನ್ನಿ ಇಲ್ಲಿ."

ಹತ್ತು ನಿಮಿಷದಲ್ಲಿ ಬೊಳ್ಳಪ್ಪನವರು ಆರಾಮಕುರ್ಚಿಯಲ್ಲಿದ್ದರು. ಮಡಿಲಲ್ಲಿ ಭರಣಿ, ಎರಡನ್ನೂ ಸುತ್ತಿ ಒಂದೇ ಕಂಬಳಿ. ಎದುರಿಗೆ, ಕೈಗೆಟುಕದಷ್ಟು ದೂರದಲ್ಲಿ, ತಣ್ಣಗೆ ಓಡುತ್ತಿದ್ದ ಕಂಪ್ಯೂಟರಿನ ಪರದೆಯ ಮೇಲೆ ಅವರ ರಾಣಿ ಗೆಲುವಿಗೆ ಒಂದೇ ನಡೆ ದೂರವಿತ್ತು.

ಅಷ್ಟರಲ್ಲಿ ಭರಣಿಯೊಳಗೆ ಒಂದು ಸಣ್ಣ ಗುಳುಕ್ ಕೇಳಿತು. ಯಮುನ ಬಂದು ಎರಡು ಹೆಜ್ಜೆ ಹಿಂದೆ ನಿಂತು, ಗಂಡನನ್ನು ಮೇಲಿಂದ ಕೆಳಗೆ ಪರೀಕ್ಷಿಸಿದರು.

"ಇವ್ರೇ, ಸ್ವಲ್ಪ ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ. ಹೀಗೆ ಕೂತ್ರೆ ನಿಮ್ಮ ಬಿಸಿಯೆಲ್ಲ ಕಿಟಕಿಗೆ ಹೋಗ್ತದೆ."