ಚೀನಾದ ಗಾದೆಯೂ ಮಾವನವರ ರಾಗಿ ಪೈರೂ

ಸ್ವಂತ ಬುದ್ಧಿ ಕಡಿಮೆ ಇರುವವನಿಗೆ ಗಾದೆಗಳಿಂದ ದೊಡ್ಡ ಅನುಕೂಲ. ನಾನು ಹಳ್ಳಿ ಸ್ಕೂಲಿನ ಮೇಷ್ಟ್ರು, ಆ ಅನುಕೂಲ ನನಗೆ ದಿನವೂ ಬೇಕು. ಆದರೆ ಕನ್ನಡ ಗಾದೆಯಲ್ಲಿ ಒಂದು ತೊಂದರೆಯಿದೆ. ನಾನು "ತಾಳಿದವನು ಬಾಳಿಯಾನು" ಎಂದರೆ ಸಾಕು, ನನ್ನ ಹೆಂಡತಿ ನಂಜಮ್ಮ ಒಲೆಯ ಮುಂದಿನಿಂದಲೇ "ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು" ಎಂದುಬಿಡುತ್ತಾಳೆ. ನಮ್ಮ ಹೋಬಳಿಯಲ್ಲಿ ಎದುರು ಗಾದೆ ಗೊತ್ತಿಲ್ಲದ ಬಾಯಿಯೇ ಇಲ್ಲ. ಹೀಗಿರುವಾಗ ಯುದ್ಧದ ಕಾಲದಲ್ಲಿ, ಬೆಂಗಳೂರು ದಂಡಿನ ಹಳೇ ಪುಸ್ತಕದ ರಾಶಿಯೊಳಗೆ, ಯಾರೋ ಸಿಪಾಯಿ ಬಿಟ್ಟುಹೋಗಿದ್ದ ಇಂಗ್ಲಿಷ್ ಪುಸ್ತಕವೊಂದು ನನ್ನ ಕೈಗೆ ಬಂತು. ಅದರ ತುಂಬ ಚೀನಾ ದೇಶದ ನುಡಿಗಟ್ಟುಗಳು, ಅವುಗಳ ಅರ್ಥ, ಅವು ಹುಟ್ಟಿದ ಕಥೆ. ದೇವನಹಳ್ಳಿ ತಾಲ್ಲೂಕಿನಲ್ಲಿ ಚೀನಾದ ಗಾದೆಗೆ ಎದುರು ಗಾದೆ ಹೇಳುವವರು ಯಾರಿದ್ದಾರೆ ಎಂದು ಹಿಗ್ಗಿಹೋದೆ.

ಅವರ ನುಡಿಗಟ್ಟು ಬಹುಪಾಲು ನಾಲ್ಕೇ ಅಕ್ಷರ, ಅದರ ಹಿಂದೆ ಮಾತ್ರ ಉದ್ದನೆಯ ಕಥೆ. "ಹಾವಿಗೆ ಕಾಲು ಬರೆಯುವುದು" ಎಂಬುದೊಂದಿದೆ. ನೆಲದ ಮೇಲೆ ಮೊದಲು ಹಾವು ಬರೆದು ಮುಗಿಸಿದವನಿಗೆ ಒಂದು ಬಟ್ಟಲು ಮದ್ಯ ಎಂದು ಪಂಥವಾಯಿತಂತೆ. ಮೊದಲು ಮುಗಿಸಿದವನು ಹೊತ್ತು ಮಿಕ್ಕಿತಲ್ಲ ಎಂದು ಹಾವಿಗೆ ಕಾಲು ಬರೆಯುತ್ತ ಕೂತ. ಅಷ್ಟರಲ್ಲಿ ಇನ್ನೊಬ್ಬ ತನ್ನ ಹಾವನ್ನು ಮುಗಿಸಿ, "ಕಾಲಿರೋದು ಹಾವೇ ಅಲ್ಲ" ಎಂದು ಬಟ್ಟಲೆತ್ತಿ ಕುಡಿದುಬಿಟ್ಟ. ಗೆದ್ದು ಬೀಗುತ್ತಿದ್ದ ಸೇನಾಪತಿಗೆ ಇನ್ನು ಸಾಕು ಮಾಡು ಎನ್ನಲು ಒಬ್ಬ ರಾಯಭಾರಿ ಹೇಳಿದ ಕಥೆ ಇದು. ಇಂಥ ಘನವಾದ ಕಥೆಯನ್ನು ನಾನು ಸಾರಿಗೆ ಒಗ್ಗರಣೆ ಹೆಚ್ಚಾಯಿತೆಂದು ಹೇಳಲು ಬಳಸಿದೆ. ಮಾರನೆಯ ದಿನ ಒಗ್ಗರಣೆಯೇ ಇಲ್ಲದ ಸಾರು ಬಂತು. "ಇವತ್ತು ಬರೀ ಹಾವು, ಉಣ್ಣಿ" ಎಂದಳು ನಂಜಮ್ಮ.

ಅಲ್ಲಿಗಾದರೂ ಪುಸ್ತಕ ಮುಚ್ಚಬೇಕಿತ್ತು. ಆದರೆ ನಮ್ಮ ಒಬ್ಬಳೇ ಮಗಳು ಸರೋಜ ಮಿಡ್ಲ್ ಸ್ಕೂಲು ಪಾಸು ಮಾಡಿದಳು. ಮುಂದೆ ಓದಬೇಕಾದರೆ ದೊಡ್ಡಬಳ್ಳಾಪುರಕ್ಕೆ ಹೋಗಿ ಅವಳ ಚಿಕ್ಕಮ್ಮನ ಮನೆಯಲ್ಲಿರಬೇಕು. ಬರುವ ಸೋಮವಾರವೇ ಹೈಸ್ಕೂಲಿಗೆ ಸೇರಿಸಿಕೊಳ್ಳುವ ಕೊನೆಯ ದಿನ. ಮಗಳು ಹೋಗುತ್ತೇನೆ ಎನ್ನುತ್ತಾಳೆ, ತಾಯಿ ಕಳಿಸಿ ಎನ್ನುತ್ತಾಳೆ. ಊರ ಮಕ್ಕಳಿಗೆಲ್ಲ ವಿದ್ಯೆಯ ಮಹಿಮೆ ಬೋಧಿಸುವ ನಾನೊಬ್ಬನೇ ಬೇಡ ಎನ್ನುತ್ತಿದ್ದೆ. ಬಾಯಲ್ಲಿ ಹೇಳಿದ್ದು "ಇನ್ನೂ ಚಿಕ್ಕವಳು" ಎಂದು. ಒಳಗಿದ್ದದ್ದು ಊರವರು ಏನಂದಾರು ಎಂಬ ಭಯ. ಅದಕ್ಕಿಂತ ದೊಡ್ಡದಾಗಿ, ಸಂಜೆ ಮನೆಗೆ ಬಂದಾಗ ಅವಳಿಲ್ಲದಿದ್ದರೆ ಹೇಗೆ ಎಂಬ ಭಯ.

ನಂಜಮ್ಮ ತನ್ನ ಅಪ್ಪನನ್ನು ಕರೆಸಿದಳು. ಮಾವ ಮುನಿಶಾಮಪ್ಪನವರು ಪಕ್ಕದ ಹಳ್ಳಿಯವರು, ಓದು ಬರಹ ಇಲ್ಲ, ರಾಗಿ ಬೆಳೆಯುವುದರಲ್ಲಿ ಗಟ್ಟಿಗರು. ಹೊಲದಿಂದ ನೆಟ್ಟಗೆ ಬಂದು ಜಗಲಿಯ ಮೇಲೆ ಕೂತರು. ರೈತರಿಗೆ ರೈತನ ಕಥೆಯೇ ಸರಿ ಎಂದು ನಾನು "ಪೈರು ಎಳೆದು ಬೆಳೆಸುವುದು" ಎಂಬ ನುಡಿಗಟ್ಟನ್ನು ಬಿಚ್ಚಿದೆ. ಚೀನಾದಲ್ಲಿ ಒಬ್ಬ ರೈತನಿಗೆ ತನ್ನ ಪೈರು ಬೇಗ ಬೆಳೆಯುತ್ತಿಲ್ಲವೆಂದು ಚಿಂತೆ. ಒಂದು ದಿನ ಹೊಲಕ್ಕಿಳಿದು ಒಂದೊಂದು ಪೈರನ್ನೂ ಕೈಯಲ್ಲಿ ಮೇಲಕ್ಕೆ ಎಳೆದ. ಮನೆಗೆ ಬಂದು "ಪೈರು ಬೆಳೆಯೋದಕ್ಕೆ ಸಹಾಯ ಮಾಡಿ ಸುಸ್ತಾದೆ" ಎಂದ. ಮಗ ಓಡಿಹೋಗಿ ನೋಡಿದರೆ ಎಲ್ಲವೂ ಒಣಗಿದ್ದವು.

"ಹಾಗಾಗಿ ಮಾವ, ಎಳೇದನ್ನ ಕೀಳಬಾರದು" ಎಂದು ಗಂಭೀರವಾಗಿ ಮುಗಿಸಿದೆ.

ಮಾವನವರು ಎಲೆಗೆ ಸುಣ್ಣ ಸವರುತ್ತ ಯೋಚಿಸಿದರು. "ಕಿತ್ತಿದ್ದು ತಪ್ಪಲ್ಲ ಅಳಿಯಂದ್ರೆ. ಕಿತ್ತ ಮ್ಯಾಕೆ ಇನ್ನೊಂದು ಹೊಲದಲ್ಲಿ ನಾಟಿ ಹಾಕ್ಬೇಕು ಅನ್ನೋದು ಆ ವಯ್ಯಂಗೆ ಗೊತ್ತಿರ್ಲಿಲ್ಲ, ಅಷ್ಟೆಯ."

"ಹಾಗಲ್ಲ ಮಾವ, ಕಥೆಯ ಅರ್ಥ..."

"ನಾವು ವರ್ಸ ವರ್ಸ ಕೀಳಲ್ವ? ಬೀಜ ಚೆಲ್ಲಿದ ಒಟ್ಲಲ್ಲೇ ಬಿಟ್ರೆ ರಾಗಿ ಪೈರು ಸೊರಗೋಯ್ತದೆ, ತೆನೆ ಕಿರುಬೆಳ್ಳಷ್ಟೂ ಬರಾಕಿಲ್ಲ. ಹದಿನೈದು ದಿನ ತಡ ಆದ್ರೂ ಕೆಟ್ಟಂಗೇ. ಮಗಾ ನಂಜಿ, ಸೋಮ್ವಾರ ಬೆಳಿಗ್ಗೆ ಗಾಡಿ ತತ್ತೀನಿ."

ಸರೋಜ ಬಾಗಿಲ ಹಿಂದಿನಿಂದ, "ಅಪ್ಪಾ, ಚೀನಾದಲ್ಲಿ ಹೆಣ್ಮಕ್ಕಳು ಹೈಸ್ಕೂಲಿಗೆ ಹೋಗಲ್ವಾ?" ಎಂದಳು. ಆ ವಿಷಯ ಪುಸ್ತಕದಲ್ಲಿಲ್ಲ ಎಂದೆ. ಮಾವನವರು ನಕ್ಕರು. ನನಗೆ ನಗು ಬರಲಿಲ್ಲ.

ಸೋಮವಾರ ಗಾಡಿ ಹೊರಟಿತು. ಸರೋಜ ಟ್ರಂಕಿನ ಮೇಲೆ ಕೂತು, ಊರು ದಾಟುವವರೆಗೂ ಕೈ ಬೀಸಿದಳು. ನಾನು ಕಣ್ಣಿಗೆ ಧೂಳು ಬಿತ್ತೆಂದು ಒಳಗೆ ಬಂದೆ. ಹಿಂದಿನ ದಿನ ಮಳೆ ಬಂದು ಧೂಳೆಲ್ಲ ಅಡಗಿತ್ತು, ಆ ಮಾತು ಬೇರೆ. ಹೊತ್ತು ಹೋಗದೆ ಅದೇ ಪುಸ್ತಕ ತೆರೆದೆ. ಕಥೆ ಸಿಕ್ಕಮೇಲೆ ಅದರ ಮೂಲ ಯಾರಿಗೆ ಬೇಕು ಎಂದು ನಾನು ಓದದೆ ಬಿಟ್ಟಿದ್ದ ಅರ್ಧ ಪುಟ ಕಣ್ಣಿಗೆ ಬಿತ್ತು. ಪೈರಿನ ಕಥೆಯನ್ನು ಒಬ್ಬ ಗುರು ತನ್ನ ಶಿಷ್ಯನಿಗೆ ಹೇಳಿದ್ದಂತೆ, ಮನಸ್ಸಿನಲ್ಲಿ ಧೈರ್ಯ ಬೆಳೆಸುವುದು ಹೇಗೆಂದು ವಿವರಿಸುವಾಗ. ಅದರ ಜೊತೆಗೇ ಇನ್ನೊಂದು ಮಾತನ್ನೂ ಸೇರಿಸಿದ್ದ. ಪೈರು ಎಳೆದವನು ಒಬ್ಬ ದಡ್ಡ, ಕಳೆಯನ್ನೂ ಕೀಳದೆ ಸುಮ್ಮನೆ ಕೂತವನು ಇನ್ನೊಬ್ಬ ಎಂದು.

ನಂಜಮ್ಮ ಅಡುಗೆಮನೆಯಿಂದ, "ಏನು ಓದ್ತಿದ್ದೀರಾ? ಜೋರಾಗಿ ಓದಿ, ನಾನೂ ಕೇಳ್ತೀನಿ" ಎಂದಳು.

ಆ ಪುಟ ಮಗುಚಿ, ಹಾವಿನ ಕಥೆಯನ್ನೇ ಇನ್ನೊಂದು ಸಲ ಜೋರಾಗಿ ಓದಿದೆ.